ಹೇಸಿಗೆಯಲ್ಲ, ಎಚ್ಚರಿಕೆ

ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ನಿಮ್ಮಿಂದ ಅದು ಆಗದಿರಲಿ.

ಹುಕ್ಕೇರಿಯ ತವರಿನಲ್ಲಿ ಅಬ್ಬಾಗೆ ಮೂರು ವಾರದಿಂದ ಕೆಮ್ಮು. ವೈದ್ಯರು ಕಫ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಮೂಡಲಗಿಗೆ ಮರಳುವಾಗ ಗೋಕಾಕದಲ್ಲಿ ಕೊಟ್ಟರಾಯಿತೆಂದು, ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಕಫ ತುಂಬಿಸಿ, ಮಕ್ಕಳಿಗೆಂದು ಅಮ್ಮಿ ಕಟ್ಟಿಕೊಟ್ಟ ರೊಟ್ಟಿಯ ಚೀಲದಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಪ್ರಯೋಗಾಲಯದಲ್ಲಿ ಚೀಲ ಬಿಚ್ಚಿದರೆ ಮುಚ್ಚಳ ಸಡಿಲಾಗಿ ಬಾಟಲಿಯ ಹೊರಗೆಲ್ಲ ಕಫ ಸೋರಿತ್ತು. ಅಲ್ಲಿದ್ದ ಹುಡುಗಿ ಥಟ್ಟನೆ ಹಿಂದೆ ಸರಿದಳು. ಮಾಸ್ಕ್ ಸರಿಪಡಿಸಿಕೊಂಡು, ಕೈಗವಸು ಹಾಕಿಕೊಂಡೇ ಬಾಟಲಿ ಮುಟ್ಟಿದಳು. ನನಗೆ ಮೈ ಉರಿಯಿತು.

“ನಮ್ಮ ಅಬ್ಬಾನ ಕಂಡ್ರ ಇಷ್ಟು ಹೇಸಿಗಿ ಏನವಾ?” ಎಂದುಬಿಟ್ಟೆ.

“ಹೇಸಿಗಿ ಅಲ್ರೀ ಅಕ್ಕಾರ. ಯಾರ ಕಫದಾಗ, ಯಾರ ರಕ್ತದಾಗ ಏನೈತಿ ಅಂತ ಮೊದಲ ಗೊತ್ತಾಗಂಗಿಲ್ಲ. ಅದಕ್ಕ ಎಲ್ಲಾರದೂ ಹಿಂಗ ಮುಟ್ಟತೀವ್ರಿ. ಮನ್ಯಾಗ ನನಗೂ ಕೂಸೈತ್ರಿ.”

ನಾನು ತಲೆ ತಗ್ಗಿಸಿದೆ.

ಕ್ಷಯದ ರೋಗಾಣು ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದ ಹರಡುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ 7 ದಿನ ಬದುಕಿರಬಲ್ಲದು. ಅದಕ್ಕೇ ಪ್ರಯೋಗಾಲಯದಲ್ಲಿ ಊಟ, ಚಹಾ ಕೂಡದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಗಟ್ಟಿ ಡಬ್ಬಿಗೆ ಹಾಕಬೇಕು. ಕೈಗವಸು ತೆಗೆದ ಮೇಲೂ ಸೋಪಿನಿಂದ ಕೈ ತೊಳೆಯಬೇಕು. ಅಲ್ಲಿ ತೊಟ್ಟ ಕೋಟು ಮನೆಗೆ ಬರಬಾರದು. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್‌ಗಳನ್ನೂ ಪಡೆದಿರಬೇಕು. ಇದು ಬರೀ ಭಯವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಅದರ ವೈರಾಣುವನ್ನು ಪರೀಕ್ಷಿಸುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿತ್ತು.

ಅವರ ಎಚ್ಚರಿಕೆಗೆ ನಮ್ಮ ಎಚ್ಚರಿಕೆಯೂ ಸೇರಬೇಕಲ್ಲವೇ? ಕಫದ ಡಬ್ಬಿಯನ್ನು ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ. ಮೊದಲು ಬಾಯಿ ಮುಕ್ಕಳಿಸಿ. ಮನೆಯವರಿಂದ ದೂರ, ಬಯಲಿನಲ್ಲಿ ನಿಂತು ಆಳವಾಗಿ ಕೆಮ್ಮಿ ಕಫ ಹಿಡಿಯಬೇಕು. ಬರೀ ಉಗುಳು ಸಾಲದು. ಮುಚ್ಚಳ ಬಿಗಿಯಾಗಿ ತಿರುಗಿಸಿ. ಹೆಸರನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೇಲೆ ಬರೆಯಿರಿ. ಬೇರೆ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಆ ರೊಟ್ಟಿ ಮಕ್ಕಳಿಗೆ ದಕ್ಕಲಿಲ್ಲ. ಕಣ್ಣೀರು ಹಾಕುತ್ತಲೇ ಎಸೆದೆ. ಅಬ್ಬಾಗೆ ಕ್ಷಯವೆಂದೇ ಗೊತ್ತಾಯಿತು. 6 ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ ಗುಣವಾದರು.

ಎರಡು ತಿಂಗಳ ನಂತರದ ಪರೀಕ್ಷೆಗೆ ಡಬ್ಬಿಯ ಮುಚ್ಚಳವನ್ನು ಅಬ್ಬಾ ತಾವೇ ಬಿಗಿ ಮಾಡಿ, ಮತ್ತೊಮ್ಮೆ ತಿರುಗಿಸಿ ನೋಡಿ ನನ್ನ ಕೈಗಿತ್ತರು.

“ಆ ಮಗಳಿಗೆ ನನ್ನ ಸಲಾಂ ಹೇಳವಾ” ಎಂದರು.