ಅಮೆರಿಕಾ ಸೈಕಲ್ಲಿನ ನಂಬರು

ಚಿಂಚೋಳಿ ತಾಲ್ಲೂಕಿನ ನಮ್ಮ ಚಿಮ್ಮನಚೋಡದಲ್ಲಿ ಹಳಬರನ್ನು ಕೇಳಿದರೆ ನಮ್ಮ ಮನೆಗೆ ಒಂದೇ ವಿಳಾಸ: "ಅಮೆರಿಕಾ ಸೈಕಲ್‌ನವರ ಮನಿ." ನಮ್ಮ ಮನೆಯಿಂದ ಯಾರೂ ಅಮೆರಿಕಕ್ಕೆ ಹೋಗಿಲ್ಲ. ನಮ್ಮಪ್ಪನ ಮುತ್ಯಾ ಓಡಿಸುತ್ತಿದ್ದ ಒಂದು ಕರಿ ಸೈಕಲ್ ಇದೆ, ಅಷ್ಟೇ. ಈಗ ಅದು ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಹಿಂದೆ ನಿಂತಿದೆ.

ಹೋದ ರಜೆಯಲ್ಲಿ ಹೈದರಾಬಾದಿನಿಂದ ಹಳೆ ಸಾಮಾನು ಕೊಳ್ಳುವವರೊಬ್ಬರು ಅದನ್ನು ನೋಡಿಕೊಂಡು ಹೋದರು. ನಿಜವಾಗಲೂ ಅಮೆರಿಕದ್ದೇ ಆದರೆ, ಇಸವಿನೂ ಗೊತ್ತಾದರೆ, ರೇಟ್ ಬೇರೆ ಅಂದರು. ಕಾಕಾ ಖುಷ್. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಹೊಸ ಬಣ್ಣ ಹೊಡೆಸಿಬಿಡೋಣ ಅಂತ ಅವರ ಪ್ಲಾನ್. ಆಯಿಗೆ ಮಾತ್ರ ಸಿಟ್ಟು. ಅವಳ ಪ್ರಕಾರ ಅದು ಅವಳ ಮಾವ ರಜಾಕಾರರ ಗದ್ದಲಕ್ಕಿಂತ ಮೊದಲು ತಂದಿದ್ದು. ಗದ್ದಲದಲ್ಲಿ ಅವರು ತಮ್ಮ ತಾಯಿಯನ್ನು ಇದೇ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಸೊಲ್ಲಾಪುರದ ಕಡೆ ಹೋಗಿದ್ದರಂತೆ. ಕಾಕಾ ನಂಬಲ್ಲ. "ಅವೆಲ್ಲಾ ಕತಿ. ಇದು ಅರವತ್ತರ ದಶಕದಾಗ ಗುಲ್ಬರ್ಗಾದಾಗ ತಗೊಂಡಿದ್ದು" ಅಂತಾರೆ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು, ಮೆಕ್ಯಾನಿಕಲ್ ಓದುತ್ತೀನಲ್ಲ!

ಅಮೆರಿಕದ್ದಾ ಅನ್ನೋ ಪ್ರಶ್ನೆ ಅರ್ಧ ಗಂಟೆಯಲ್ಲಿ ಮುಗೀತು. ಆ ಕಾಲದ ಅಮೆರಿಕನ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತೆ, ಬ್ರೇಕು ಹಿಂದಿನ ಹಬ್ಬಿನೊಳಗೇ ಇರುತ್ತೆ. ನಮ್ಮದಕ್ಕೆ ಹ್ಯಾಂಡಲ್‌ನಿಂದ ಕಬ್ಬಿಣದ ರಾಡುಗಳು ಇಳಿದು, ರಬ್ಬರ್ ತುಂಡುಗಳನ್ನು ರಿಮ್‌ನ ಒಳಮೈಗೆ ಎಳೆಯುತ್ತವೆ. ಅಲ್ಲಿನವುಗಳಲ್ಲಿ ಎರಡೂ ಪೆಡಲಿನ ತೋಳು ಸೇರಿ ಬಗ್ಗಿಸಿದ ಒಂದೇ ಸರಳಾಗಿರುವುದು ಹೆಚ್ಚು. ನಮ್ಮದರಲ್ಲಿ ತೋಳುಗಳು ಬೇರೆ ಬೇರೆ, ಕಾಟರ್ ಪಿನ್ ಹೊಡೆದು ಕೂಡಿಸಿದ್ದು. ಆಮೇಲೆ ಕಡ್ಡಿ ಎಣಿಸಿದೆ. ಮುಂದೆ 32, ಹಿಂದೆ 40. ಭಾರ ಹೆಚ್ಚು ಬೀಳುವ ಹಿಂದಿನ ಚಕ್ರಕ್ಕೆ ಹೆಚ್ಚು ಕಡ್ಡಿ ಕೊಡುವ ಈ ಲೆಕ್ಕ ಇಂಗ್ಲೆಂಡಿನದು. ಅಮೆರಿಕದಲ್ಲಿ ಎರಡಕ್ಕೂ 36 ಹಾಕೋದು ರೂಢಿ. ಪರದೇಶದ್ದೆಲ್ಲಾ ಅಮೆರಿಕದ್ದು ಅಂದುಕೊಂಡ ನಮ್ಮೂರವರು ಇಟ್ಟ ಹೆಸರು ಅದು. ಕಾಕಾನ ರೇಟ್ ಅಲ್ಲಿಗೇ ಇಳೀತು.

ಕ್ರ್ಯಾಂಕ್ ಮೇಲಿನ ಗ್ರೀಸ್ ಒರೆಸಿದಾಗ ಒಂದು ಮುದ್ರೆ ಸಿಕ್ಕಿತು: ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ. ಬಿ.ಎಸ್.ಎ.! ನಮ್ಮ ಪೀಳಿಗೆಗೆ ಬಿಎಸ್‌ಎ ಅಂದ್ರೆ ಲೇಡಿಬರ್ಡ್, ಅಕ್ಕನ ಪಿಂಕ್ ಸೈಕಲ್. ಅದರ ಪೂರ್ತಿ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಬಂದೂಕು ಮಾಡೋಕೆ ಶುರುವಾದ ಕಂಪನಿ ಅಂತ ಗೊತ್ತಿತ್ತಾ ನಿಮಗೆ?

ಆದರೆ ಬಿಎಸ್‌ಎ ಅಂದಮಾತ್ರಕ್ಕೆ ಇಂಗ್ಲೆಂಡಿನದೇ ಅನ್ನೋಕಾಗಲ್ಲ. ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್ ಹುಟ್ಟಿತು, ಮುಂದೆ ಬಿಎಸ್‌ಎ ಹೆಸರಿನ ಸೈಕಲ್‌ಗಳೂ ಅಲ್ಲೇ ತಯಾರಾದವು. ಕಡ್ಡಿ, ರಾಡ್ ಬ್ರೇಕು, ಕಾಟರ್ ಪಿನ್ ಎಲ್ಲಾ ಅದೇ ಇಂಗ್ಲಿಷ್ ಪದ್ಧತಿ. ಮುಂದಿನ ಚಕ್ರದ ಅಚ್ಚು ಬಿಚ್ಚಿ ನಮ್ಮ ಮೆಟ್ರಾಲಜಿ ಲ್ಯಾಬಿಗೆ ತಂದೆ. 1 ಮಿ.ಮೀ. ಪಿಚ್ ಗೇಜ್ ಮೊದಲು ಕೂತಂತೆ ಅನ್ನಿಸುತ್ತೆ, ಸ್ವಲ್ಪ ಉದ್ದಕ್ಕೆ ಹಿಡಿದರೆ ಹಲ್ಲು ತಪ್ಪುತ್ತೆ. ಇಂಚಿಗೆ 26 ಎಳೆ, ಅಂದರೆ ಪಿಚ್ 0.977 ಮಿ.ಮೀ. ಇಂಗ್ಲೆಂಡಿನ ಸೈಕಲ್ ಥ್ರೆಡ್ಡೇ. ಆದರೆ ನಮ್ಮ ದೇಶದ ಕರಿ ಸೈಕಲ್‌ಗಳಲ್ಲೂ ಅದೇ ಇರುತ್ತೆ! ಹಿಂದಿನ ರಿಮ್ ಮೇಲಂತೂ 'ಮೇಡ್ ಇನ್ ಇಂಡಿಯಾ' ಅಂತ ಸ್ಪಷ್ಟವಾಗಿದೆ. ಕಾಕಾ ಅದನ್ನು ನೋಡಿ ಗೆದ್ದೆ ಅಂದುಕೊಂಡರು. ಹಳೆ ಸೈಕಲ್ಲಿನ ತೊಂದರೆಯೇ ಇದು. ರಿಮ್, ಚೈನು, ಪೆಡಲು, ಸೀಟು ಸವೆದ ಹಾಗೆ ಬದಲಾಗುತ್ತವೆ. ರಿಮ್ಮಿನ ವಯಸ್ಸು ರಿಮ್ಮಿಗೆ ಮಾತ್ರ ಸೇರಿದ್ದು. ಬದಲಾಗದೆ ಉಳಿಯೋದು ಫ್ರೇಮ್.

ಆಗ ಆಯಿ ತನ್ನ ಟ್ರಂಕಿನಿಂದ ಒಂದು ರಸೀದಿ ತೆಗೆದಳು. ಮಡಿಕೆಗಳೆಲ್ಲಾ ಹರಿದಿವೆ, ಉರ್ದು ಬರಹ. ಆಗ ನಮ್ಮದು ನಿಜಾಮರ ಸೀಮೆ, ಸರಕಾರಿ ಭಾಷೆ ಉರ್ದು. ಕನ್ನಡ ಅಂಕಿಗಳನ್ನೇ ತಡವರಿಸಿ ಓದುವ ನನಗೆ ಅದೇನು ತಿಳಿಯಬೇಕು? ಊರಿನ ನಿವೃತ್ತ ಉರ್ದು ಮಾಸ್ತರರ ಹತ್ತಿರ ಒಯ್ದೆ. ಅವರು ಕನ್ನಡಕ ಏರಿಸಿ, "ಖುರ್ದಾದ್, 1356" ಅಂದರು.

1356! ಹಿಜರಿ ಅಂತ ಹಿಡಿದರೆ ಅದು 1937-38. ಫಸಲಿ ಅಂತ ಹಿಡಿದರೆ 1946-47. ಒಂದೇ ಸಂಖ್ಯೆ, ಹತ್ತು ವರ್ಷದ ಅಂತರ. ಬಿಡಿಸಿದ್ದು ತಿಂಗಳ ಹೆಸರು. ಹಿಜರಿ ತಿಂಗಳುಗಳು ಮೊಹರಂ, ಸಫರ್ ಹೀಗೆ ಇರುತ್ತವೆ. ಅಜುರ್, ದೈ, ಬಹಮನ್, ಖುರ್ದಾದ್ ಇವು ಪಾರಸಿ ಹೆಸರುಗಳು, ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷದವು. ಫಸಲು ಅಂದರೆ ಬೆಳೆ, ಕಂದಾಯಕ್ಕೆ ಕಟ್ಟಿಕೊಂಡ ಕ್ಯಾಲೆಂಡರ್ ಅದು. ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತೆ, ಖುರ್ದಾದ್ ಏಳನೇ ತಿಂಗಳು. ಅಂದರೆ 1947ರ ಬೇಸಿಗೆ, ಹಿಂಗಾರಿ ಜೋಳದ ರಾಶಿ ಮುಗಿದು ಕೈಯಲ್ಲಿ ರೊಕ್ಕ ಇರುವ ಕಾಲ. ಮದರಾಸಿನ ಆ ಕಂಪನಿ ಇನ್ನೂ ಹುಟ್ಟಿರಲಿಲ್ಲ. ಹೈದರಾಬಾದ್ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ಕ್ಕೆ ಇನ್ನೂ ಒಂದು ವರ್ಷದ ಮೇಲಿತ್ತು.

"ರಸೀದಿ ಯಾವ ಸೈಕಲ್ಲಿಂದೋ ಏನೋ!" ಅಂದರು ಕಾಕಾ. ನ್ಯಾಯವಾದ ಪ್ರಶ್ನೆಯೇ. ರಸೀದಿಯ ಮೂಲೆಯಲ್ಲಿ ಇಂಗ್ಲಿಷ್ ಅಂಕಿಗಳಲ್ಲಿ ಒಂದು ನಂಬರ್ ಇತ್ತು. ಅದೇ ನಂಬರ್ ಫ್ರೇಮ್ ಮೇಲೆ ಸಿಗಬೇಕು. ಸೀಟಿನ ಕೆಳಗೆ ಪೈಪುಗಳು ಕೂಡುವ ಜಾಗದಲ್ಲಿ ನಾಲ್ಕೈದು ಪದರ ಬಣ್ಣ ಕೂತಿತ್ತು. ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಟ್ಟಿದ್ದರೆ ತುಕ್ಕು ತಿಂದ ಆ ಅಂಕಿಗಳೂ ಸವೆದು ಹೋಗಬಹುದಿತ್ತು. ಬಟ್ಟೆಗೆ ಥಿನ್ನರ್ ಹಚ್ಚಿ ಎರಡು ದಿನ ತಿಕ್ಕಿದೆ. ಚೂಪಾದ ಏನನ್ನೂ ಮುಟ್ಟಿಸಲಿಲ್ಲ. ಹಸಿರು ಹೋಯಿತು, ಕೆಂಪು ಹೋಯಿತು, ಕರಿ ಬಂತು. ಅದರ ಮೇಲೆ ತೆಳು ಹಾಳೆ ಇಟ್ಟು, ಸಣ್ಣವರಿದ್ದಾಗ ನಾಣ್ಯದ ಮೇಲೆ ಆಡುತ್ತಿದ್ದೆವಲ್ಲ, ಹಾಗೆ ಪೆನ್ಸಿಲ್ ಉಜ್ಜಿದೆ.

ಮೊದಲಿನ ಅಂಕಿಗಳು ತುಕ್ಕಿನಲ್ಲಿ ಹೋಗಿವೆ. ಕೊನೆಯ ನಾಲ್ಕು ಮೂಡಿದವು. ರಸೀದಿಯ ಕೊನೆಯ ನಾಲ್ಕೂ ಅವೇ.

ಕ್ಯಾರಿಯರ್ ಮೇಲೆ ಯಾರು ಕೂತಿದ್ದರು, ಎಲ್ಲಿಗೆ ಹೋದರು ಅನ್ನೋದನ್ನ ಯಾವ ಗೇಜೂ ಹೇಳಲ್ಲ. ಗದ್ದಲದ ಹೊತ್ತಿಗೆ ಈ ಸೈಕಲ್ ನಮ್ಮ ಮನೆಯಲ್ಲಿತ್ತು, ಅಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಕಾಕಾ ಹಾಳೆಯನ್ನೂ ರಸೀದಿಯನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೈದರಾಬಾದಿನವರಿಗೆ ಫೋನ್ ಮಾಡಿ, "ಅದು ಅಮೆರಿಕದ್ದಲ್ಲರಿ, ಮತ್ತ ಮಾರೋದೂ ಇಲ್ಲ" ಅಂದರು.

ಆಯಿಗೆ ಏನೂ ಆಶ್ಚರ್ಯ ಆಗಲಿಲ್ಲ. "ನಾ ಹೇಳಿದ್ದು ಕಮ್ಮಿ ಬಿತ್ತೇನು ನಿಮಗ? ಮುಂದಿನ ಗಾಲಿ ಅಚ್ಚು ಒಯ್ದೀಯಲ್ಲ, ಅದ್ನ ಮೊದಲ ತಂದು ಹಾಕು" ಅಂದಳು. ಅಚ್ಚು ಇನ್ನೂ ನನ್ನ ಹಾಸ್ಟೆಲ್ ಟೇಬಲ್ ಮೇಲೇ ಇದೆ. ದೀಪಾವಳಿಗೆ ಒಯ್ಯಬೇಕು.