ಇಡೀ ಬಾಟಲಿ ಏರಿಸುತ್ತಿದ್ದ ಕಾಲ

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಧ್ಯ ಕರ್ನಾಟಕದ ಒಂದು ಆಸ್ಪತ್ರೆಯ ರಕ್ತನಿಧಿಗೆ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದಾಗ ರಕ್ತವಿನ್ನೂ ಗಾಜಿನ ಬಾಟಲಿಯಲ್ಲಿತ್ತು. ರಬ್ಬರ್ ನಳಿಗೆಗಳನ್ನು ತೊಳೆಯುವುದು, ಮೊಂಡಾದ ಸೂಜಿಗಳನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುವುದು, ಎಲ್ಲವನ್ನೂ ಆಟೊಕ್ಲೇವ್‌ಗೆ ಹಾಕುವುದು ಬೆಳಗಿನ ಮೊದಲ ಕೆಲಸ. ತುಂಬಿದ ಬಾಟಲಿಗೆ 21 ದಿನ ಆಯುಸ್ಸು. ಹೆರಿಗೆಯಾಗಲಿ, ಅಪಘಾತವಾಗಲಿ, ಆಪರೇಷನ್ ಆಗಲಿ, ಯಾರಿಗೆ ಏನು ಕೊರತೆಯೆಂದು ನೋಡದೆ ಇಡೀ ಬಾಟಲಿಯನ್ನೇ ಏರಿಸುತ್ತಿದ್ದೆವು.

ಆ ಪದ್ಧತಿಯಿಂದ ಏನೂ ದಕ್ಕದವರೆಂದರೆ ಕುಸುಮರೋಗದ, ಅಂದರೆ ಹಿಮೋಫಿಲಿಯಾದ ಹುಡುಗರು. ಅಪ್ಪನ ಹೆಗಲ ಮೇಲೆ ಬರುತ್ತಿದ್ದರು. ಮೊಣಕಾಲು ತೆಂಗಿನಕಾಯಿಯಷ್ಟು ಊದಿರುತ್ತಿತ್ತು. ಹೊರಗೆ ಒಂದು ಹನಿ ರಕ್ತವೂ ಕಾಣುತ್ತಿರಲಿಲ್ಲ. ಕೀಲಿನ ಒಳಗೇ ಸುರಿದು ತುಂಬಿಕೊಂಡಿರುತ್ತಿತ್ತು. ಇನ್ನು ಕೆಲವರು ಹಾಲುಹಲ್ಲು ಬಿದ್ದ ಜಾಗಕ್ಕೆ ಕಾಫಿಪುಡಿ ಒತ್ತಿಕೊಂಡು, ಮೂರು ದಿನ ರಕ್ತ ನುಂಗಿ ಬಿಳಚಿಕೊಂಡು ಬರುತ್ತಿದ್ದರು. ಇವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶ, ಅಂದರೆ ಫ್ಯಾಕ್ಟರ್ ಎಂಟು. ಅದು ಫ್ರಿಜ್‌ನಲ್ಲಿಟ್ಟ ರಕ್ತದಲ್ಲಿ ಕೆಲವೇ ದಿನಗಳಲ್ಲಿ ಕುಗ್ಗಿಹೋಗುತ್ತದೆ. ತಾಜಾ ರಕ್ತವೇ ಸಿಕ್ಕಿತೆನ್ನಿ, ಸಾಕಾಗುವಷ್ಟು ಅಂಶ ಮೈಗೆ ಸೇರುವ ಮೊದಲೇ ಆ ಪುಟ್ಟ ಹೃದಯ ತಾಳಲಾರದಷ್ಟು ದ್ರವ ತುಂಬುತ್ತಿತ್ತು. ಒಂದು ಬಾಟಲಿ ಏರಿಸಿ, ಕಾಲಿಗೆ ಪಟ್ಟಿ ಕಟ್ಟಿ ಕಳಿಸುತ್ತಿದ್ದರು. ಮತ್ತೆ ಬಂದಾಗ ಆ ಕಾಲು ಚಾಚಲು ಬರುತ್ತಿರಲಿಲ್ಲ.

ಹೀಗಿದ್ದರೂ ರೋಗ ಯಾವುದೆಂದು ಪತ್ತೆಹಚ್ಚುವ ಕೆಲಸದಲ್ಲಿ ನನಗೆ ಅಪಾರ ಗೌರವವಿತ್ತು. ಲೀ-ವೈಟ್ ಪರೀಕ್ಷೆಗೆ ಮೂರು ಗಾಜಿನ ನಳಿಕೆಗಳಲ್ಲಿ ರಕ್ತ ಹಾಕಿ, 37 ಡಿಗ್ರಿಯ ನೀರಿನಲ್ಲಿಟ್ಟು, ಸ್ಟಾಪ್‌ವಾಚ್ ಹಿಡಿದು ಅರ್ಧರ್ಧ ನಿಮಿಷಕ್ಕೆ ವಾಲಿಸಿ ನೋಡಬೇಕು. ಆರೋಗ್ಯವಂತರ ರಕ್ತ ಹತ್ತು ನಿಮಿಷದ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಈ ಹುಡುಗರದು ಅರ್ಧ ಗಂಟೆ ಕಳೆದರೂ ನಳಿಕೆಯಲ್ಲಿ ಓಡಾಡುತ್ತಲೇ ಇರುತ್ತಿತ್ತು. ಆಮೇಲೆ ಎಂಟನೆಯ ಅಂಶದ ಕೊರತೆಯೋ ಒಂಬತ್ತನೆಯದೋ ಎಂದು ತಿಳಿಯಬೇಕು. ಬೇರಿಯಂ ಸಲ್ಫೇಟ್‌ನಲ್ಲಿ ಕಲಕಿ ತೆಗೆದ ಪ್ಲಾಸ್ಮಾದಲ್ಲಿ ಎಂಟು ಉಳಿಯುತ್ತದೆ, ಒಂಬತ್ತು ಹೋಗುತ್ತದೆ. ಹಳೆಯ ಸೀರಮ್‌ನಲ್ಲಿ ಒಂಬತ್ತು ಉಳಿಯುತ್ತದೆ, ಎಂಟು ಇರುವುದಿಲ್ಲ. ಹುಡುಗನ ಪ್ಲಾಸ್ಮಾವನ್ನು ಎರಡರೊಂದಿಗೂ ಬೆರೆಸಿ, ಯಾವುದರಿಂದ ಸರಿಹೋಯಿತೆಂದು ನೋಡಿದರೆ ಉತ್ತರ ಸಿಗುತ್ತಿತ್ತು. ಲಕ್ಷಾಂತರ ರೂಪಾಯಿಯ ಯಂತ್ರವಿಲ್ಲದೆ, ನೀರಿನ ತೊಟ್ಟಿ ಮತ್ತು ಕಣ್ಣು ಎರಡರಿಂದಲೇ ಸಿಗುತ್ತಿದ್ದ ಉತ್ತರವದು. ಈ ಒಂಬತ್ತನೆಯ ಅಂಶದ ಕೊರತೆ ಬೇರೆಯೇ ರೋಗವೆಂದು ಆಕ್ಸ್‌ಫರ್ಡ್‌ನ ರೋಸ್‌ಮೇರಿ ಬಿಗ್ಸ್ ಮತ್ತು ಸಂಗಡಿಗರು 1952ರಲ್ಲಿ ತೋರಿಸಿದ್ದರು. ಅವರು ಪರೀಕ್ಷಿಸಿದ ಬಾಲಕ ಸ್ಟೀಫನ್ ಕ್ರಿಸ್ಮಸ್‌ನ ಹೆಸರೇ ಆ ರೋಗಕ್ಕೆ ನಿಂತಿತು.

ನಮ್ಮ ಕಸುಬನ್ನು ಬದಲಿಸಿದವರು ಮಾತ್ರ ಜೂಡಿತ್ ಪೂಲ್. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಈ ಸಂಶೋಧಕಿ 1964ರಲ್ಲಿ ಕಂಡುಕೊಂಡದ್ದು ಕೇಳಲು ತೀರ ಸರಳ. ಮಂಜುಗಡ್ಡೆಯಾಗಿಸಿ ಇಟ್ಟ ಪ್ಲಾಸ್ಮಾವನ್ನು ಬೆಚ್ಚಗೆ ಮಾಡದೆ, ತಣ್ಣಗಿನಲ್ಲೇ ನಿಧಾನವಾಗಿ ಕರಗಲು ಬಿಟ್ಟರೆ ತಳದಲ್ಲಿ ಬಿಳಿಯ ಜಿಗುಟು ಗಸಿ ನಿಲ್ಲುತ್ತದೆ. ಎಂಟನೆಯ ಅಂಶದ ದೊಡ್ಡ ಪಾಲು ಆ ಗಸಿಯಲ್ಲಿರುತ್ತದೆ. ಮರುವರ್ಷವೇ, ಯಾವ ಕಾರ್ಖಾನೆಯೂ ಬೇಡದೆ ಸಾಮಾನ್ಯ ರಕ್ತನಿಧಿಯಲ್ಲೇ ಅದನ್ನು ತಯಾರಿಸುವ ಕ್ರಮವನ್ನು ಅವರು ಪ್ರಕಟಿಸಿದರು. ಅದೇ ಕ್ರಯೋಪ್ರೆಸಿಪಿಟೇಟ್; ನಮ್ಮ ಬಾಯಲ್ಲಿ ಕ್ರಯೋ. 1975ರಲ್ಲಿ ಅವರು ತೀರಿಕೊಂಡರು. ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ನೊಬೆಲ್ ಪಡೆದ ಎಷ್ಟೋ ಶೋಧಗಳಿಗಿಂತ ಇದು ದೊಡ್ಡದೆಂದು ಇಂದಿಗೂ ನಂಬಿದ್ದೇನೆ, ಏಕೆಂದರೆ ಇದು ಬಡ ಊರಿನ ಕೈಗೂ ಎಟುಕಿತು.

ಎಟುಕಲು ತಡವಾಯಿತು, ನಿಜ. ಗಾಜಿನ ಬಾಟಲಿಯಲ್ಲಿ ಈ ಕೆಲಸ ಆಗುವುದಿಲ್ಲ. ಒಂದಕ್ಕೊಂದು ಜೋಡಿಸಿದ ಪ್ಲಾಸ್ಟಿಕ್ ಚೀಲಗಳು ಬೇಕು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ತಂತ್ರದಿಂದ ದೇಶದಲ್ಲೇ ಚೀಲಗಳು ತಯಾರಾಗಿ ಬಂದ ಮೇಲೆ ಬಾಟಲಿಗಳು ಒಂದೊಂದಾಗಿ ಮೂಲೆ ಸೇರಿದವು. ಶೀತಲ ಸೆಂಟ್ರಿಫ್ಯೂಜ್ ಬಂತು, ಡೀಪ್ ಫ್ರೀಜರ್ ಬಂತು. ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಿ, ಮೈನಸ್ ಮೂವತ್ತಕ್ಕೂ ಕೆಳಗೆ ಇಡಬೇಕು. ಲೋಡ್‌ಶೆಡ್ಡಿಂಗ್‌ನ ಬೇಸಿಗೆಗಳಲ್ಲಿ ಜನರೇಟರ್‌ನ ಡೀಸೆಲ್ ಅಳೆಯುವುದೂ ನಮ್ಮದೇ ಕೆಲಸವಾಯಿತು. ರಾತ್ರಿ ನಾಲ್ಕು ಡಿಗ್ರಿಯಲ್ಲಿ ಕರಗಲು ಇಟ್ಟ ಚೀಲವನ್ನು ಬೆಳಿಗ್ಗೆ ತಿರುಗಿಸಿ, ಮೇಲಿನ ಪ್ಲಾಸ್ಮಾ ಬಸಿದರೆ, ತಳದಲ್ಲಿ ಹತ್ತು ಹದಿನೈದು ಎಂ.ಎಲ್. ಗಸಿ. ಒಂದು ಚೀಲದಲ್ಲಿ ಸುಮಾರು 80ರಿಂದ 100 ಯೂನಿಟ್ ಅಂಶ. ಇಪ್ಪತ್ತು ಕಿಲೊ ತೂಕದ ಹುಡುಗನ ಊದಿದ ಮೊಣಕಾಲಿಗೆ ನಾಲ್ಕು ಚೀಲ, ಎಂದರೆ ನಾಲ್ವರು ದಾನಿಗಳು, ಒಂದು ಹೊತ್ತಿಗೆ. ಹತ್ತು ಹನ್ನೆರಡು ಗಂಟೆಯಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಕೊಡಬೇಕು. ಆದರೂ ಬೆಳಿಗ್ಗೆ ಅಳುತ್ತಾ ಬಂದವನು ಸಂಜೆಗೆ ಕಾಲು ಅಲುಗಿಸುವುದನ್ನು ಮೊದಲ ಸಲ ಕಂಡಾಗ ನಾನು ವಾರ್ಡಿನಲ್ಲೇ ಅತ್ತುಬಿಟ್ಟೆ. ಒಂಬತ್ತರ ಕೊರತೆಯವರಿಗೆ ಕ್ರಯೋದಲ್ಲಿ ಏನೂ ಇರಲಿಲ್ಲ. ಅವರಿಗೆ ಪ್ಲಾಸ್ಮಾವೇ ಗತಿ.

ಅದೇ ವರ್ಷಗಳಲ್ಲಿ ಭಯವೂ ಬಂತು. ಆಸ್ಪತ್ರೆಯ ಗೇಟಿನ ಬಳಿ ರಕ್ತ ಮಾರುವವರು ಕಾದಿರುತ್ತಿದ್ದ ದಿನಗಳವು. ಹಿಮೋಗ್ಲೋಬಿನ್ ಏಳಕ್ಕೆ ಇಳಿದವರೂ ತೋಳು ಚಾಚುತ್ತಿದ್ದರು. 1989ರಲ್ಲಿ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ರಕ್ತದ ಮಾರಾಟ ನಿಲ್ಲಿಸಲು ಆದೇಶಿಸಿತು, 1998ರ ಜನವರಿಯಿಂದ ಅದು ನಿಷಿದ್ಧವಾಯಿತು. ಅಷ್ಟರೊಳಗೆ ಪರದೇಶಗಳಲ್ಲಿ ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ ಮಾಡಿದ ಔಷಧಿಯಿಂದಲೇ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಏಡ್ಸ್ ತಗಲಿತ್ತು. ಸ್ಟೀಫನ್ ಕ್ರಿಸ್ಮಸ್ ಕೂಡ ತಾನು ಪಡೆದ ರಕ್ತದಿಂದ ಸೋಂಕು ತಗಲಿ 1993ರಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಪ್ರತಿ ಚೀಲದ ಲೇಬಲ್ ಅನ್ನು ಎರಡು ಸಲ ನೋಡದೆ ಕೈಬಿಟ್ಟವಳಲ್ಲ.

ಇಷ್ಟರ ನಡುವೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಬಗ್ಗೆ ಹೇಳಲೇಬೇಕು. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಪೆಥಾಲಜಿ ಕಲಿಸಿದವರು, ಸ್ವತಃ ಹಿಮೋಫಿಲಿಯಾ ಇರುವವರು. ಕೀಲುನೋವನ್ನು ತಮ್ಮ ಮೈಯಲ್ಲೇ ಬಲ್ಲ ವೈದ್ಯರು ಎದುರಿಗೆ ಕುಳಿತಾಗ ತಾಯಂದಿರು ಮಾತಾಡುವ ರೀತಿಯೇ ಬೇರೆ. ಆ ತಾಯಂದಿರಿಗೆ ಮಾತಾಡುವ ಅಗತ್ಯವೂ ಇತ್ತು. ರೋಗ ತಾಯಿಯ ಕಡೆಯಿಂದ ಬರುತ್ತದೆಂದು ಅರ್ಧಂಬರ್ಧ ತಿಳಿದ ಅತ್ತೆಮನೆಗಳು ಸೊಸೆಯನ್ನು ತವರಿಗೆ ಅಟ್ಟಿದ್ದನ್ನು ಕಂಡಿದ್ದೇನೆ. ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗ ಇದ್ದಿರುವುದಿಲ್ಲ ಎಂದು ಅವರಿಗೆ ಹೇಳುವವರಿರಲಿಲ್ಲ.

ಈಗ ಫ್ಯಾಕ್ಟರ್ ಸಣ್ಣ ಸೀಸೆಯಲ್ಲಿ ಬಿಳಿ ಪುಡಿಯಾಗಿ ಬರುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನೂ ಪಟ್ಟಿಗೆ ಸೇರಿಸಿತು. ಎಮಿಸಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ರಕ್ತನಾಳ ಹುಡುಕದೆ ಚರ್ಮದಡಿಗೇ ಕೊಡಬಹುದು. ಹಿಂದೆ ನಮ್ಮ ರೋಗಿಗಳು ಕಾಟ್ಪಾಡಿಗೆ ರೈಲು ಹತ್ತಿ ಹೋಗುತ್ತಿದ್ದ ಅದೇ ವೆಲ್ಲೂರಿನ ಸಿಎಂಸಿಯ ವೈದ್ಯರು ಐವರು ರೋಗಿಗಳಿಗೆ ಜೀನ್ ಚಿಕಿತ್ಸೆ ಮಾಡಿ, ಫಲಿತಾಂಶವನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದಾರೆ. ಹಿಮೋಫಿಲಿಯಾ ಸಭೆಗಳಲ್ಲಿ ನಡಿಗೆ ನೋಡಿಯೇ ಯಾರು ಯಾವ ಕಾಲದವರೆಂದು ಹೇಳಬಲ್ಲೆ. ಬಾಟಲಿಯ ಕಾಲದವರ ಮೊಣಕಾಲು ಮಡಿಚಿಕೊಂಡೇ ಉಳಿದಿದೆ, ಕ್ರಯೋ ಕಾಲದವರು ಕುಂಟುತ್ತಾರೆ, ಫ್ಯಾಕ್ಟರ್ ಕಂಡ ಮಕ್ಕಳು ಕುರ್ಚಿಗಳ ನಡುವೆ ಓಡುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನಮ್ಮ ಕಸುಬು ಇನ್ನೂ ಹಿಂದಿದೆ. ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಷ್ಟು ಹಿಂದೆಯೇ ವಿವರಿಸಿದ ರಕ್ತಸ್ರಾವ ರೋಗ ಹೆಣ್ಣು ಗಂಡೆನ್ನದೆ ಬರುತ್ತದೆ. ಅವರು ನೋಡಿದ ಮೊದಲ ಬಾಲಕಿ ಹದಿಮೂರರ ವಯಸ್ಸಿನಲ್ಲಿ ಮುಟ್ಟಿನ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು. ನನ್ನ ಇಡೀ ಸೇವೆಯಲ್ಲಿ, ಮುಟ್ಟು ಎಂಟು ಹತ್ತು ದಿನ ನಿಲ್ಲದ ಹುಡುಗಿಯರು ಕಬ್ಬಿಣದ ಮಾತ್ರೆ ಹಿಡಿದು ಹೋಗುವುದನ್ನು ಕಂಡೆ. ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆಂದು ಅವರ ರಕ್ತ ನಮ್ಮ ಮೇಜಿಗೆ ಬಂದದ್ದು ತೀರ ಅಪರೂಪ. ಈಗ ಊರಿನಲ್ಲಿ ಆಶಾ ಕಾರ್ಯಕರ್ತೆಯರು ಸಿಕ್ಕಾಗಲೆಲ್ಲ ಹೇಳುತ್ತೇನೆ: ಮುಟ್ಟು ಎಷ್ಟು ದಿನ, ಹಲ್ಲು ಕೀಳಿಸಿದಾಗ ರಕ್ತ ನಿಂತಿತೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿ. ಹೌದೆಂದವರನ್ನು ಪರೀಕ್ಷೆಗೆ ಕಳಿಸಿ. ಈ ರೋಗದಲ್ಲಿ ಕೊರತೆಯಾಗುವ ವಾನ್ ವಿಲ್ಲೆಬ್ರಾಂಡ್ ಅಂಶ ಒತ್ತಡಕ್ಕೆ, ಬಸಿರಿಗೆ, ಜ್ವರಕ್ಕೆ ಏರುವಂಥದ್ದು, ಆದ್ದರಿಂದ ಒಮ್ಮೆ ಸರಿಯಾಗಿದೆಯೆಂದು ಬಂದರೂ ಬಿಡದೆ ಇನ್ನೊಮ್ಮೆ ಮಾಡಿಸಿ.