ಎಸ್.ಪಿ. ರಸ್ತೆಗೆ ಹೋಗಿಬಂದೆ

ಬೆಂಗಳೂರಿಗೆ ಬಂದ ಪ್ರವಾಸಿಗರು ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಲಾಲ್‌ಬಾಗ್, ಕಬ್ಬನ್ ಉದ್ಯಾನ, ವಿಧಾನಸೌಧಗಳ ಹೆಸರು ಇರುತ್ತದೆಯೇ ಹೊರತು ಎಸ್.ಪಿ. ರಸ್ತೆಯ ಹೆಸರು ಇರುವುದಿಲ್ಲ. ಪುರಭವನಕ್ಕೆ ಸಮೀಪದಲ್ಲಿ, ಹಳೆಯ ಪೇಟೆಯ ಅಂಚಿನಲ್ಲಿರುವ ಈ ಇಕ್ಕಟ್ಟಾದ ರಸ್ತೆಯಲ್ಲಿ ದೇವಾಲಯದ ಶಿಲ್ಪವಿಲ್ಲ, ಉದ್ಯಾನದ ನೆರಳಿಲ್ಲ. ಆದರೆ ಗಣಕಯಂತ್ರದ ಬಿಡಿಭಾಗದಿಂದ ಹಿಡಿದು ಸಭಾಭವನಕ್ಕೆ ಬೇಕಾಗುವ ಧ್ವನಿವರ್ಧಕದವರೆಗೆ ವಿದ್ಯುತ್ತಿನಿಂದ ನಡೆಯುವ ಬಹುತೇಕ ವಸ್ತುಗಳು ಇಲ್ಲಿ ದೊರೆಯುತ್ತವೆ. ಅರವತ್ನಾಲ್ಕರ ವಯಸ್ಸಿನಲ್ಲಿ ನಾನು ರಾಣೆಬೆನ್ನೂರಿನಿಂದ ಅಲ್ಲಿಗೆ ಹೋದದ್ದು ‘ಡಿಜೆ’ ಯಂತ್ರವೊಂದನ್ನು ಕೊಳ್ಳುವುದಕ್ಕಾಗಿ ಎಂದರೆ ಓದುಗರು ನಕ್ಕಾರು. ನಮ್ಮ ಮನೆಯವರೂ ಮೊದಲು ನಕ್ಕರು.

ಈ ಆಸೆಯ ಬೇರು ಬಹಳ ಹಿಂದಿನದು. 1970ರ ದಶಕದ ಆರಂಭದಲ್ಲಿ ನಮ್ಮೂರಿನ ಮದುವೆಗಳಿಗೆ ‘ಮೈಕ್ ಸೆಟ್’ ಬರುತ್ತಿತ್ತು. ಬೇವಿನ ಮರಕ್ಕೆ ಕಹಳೆಯಂಥ ಲೌಡ್‌ಸ್ಪೀಕರನ್ನು ಕಟ್ಟಿ, ಚಪ್ಪರದ ಮೂಲೆಯಲ್ಲಿ ಕುಳಿತು ಗ್ರಾಮಫೋನ್ ತಟ್ಟೆಗಳನ್ನು ಬದಲಿಸುತ್ತಿದ್ದ ಮನುಷ್ಯನೇ ನನ್ನ ಪಾಲಿಗೆ ಮದುವೆಯ ನಾಯಕ. ಒಂದು ತಟ್ಟೆ ಮುಗಿದು ಇನ್ನೊಂದರ ಮೇಲೆ ಮುಳ್ಳು ಕೂರುವವರೆಗೆ ಚಪ್ಪರದಲ್ಲಿ ಒಂದು ಮೌನ. ಆ ಮೌನ ತುಂಬಲು ಸಾಧ್ಯವೇ ಎಂದು ನಾನು ಯೋಚಿಸುತ್ತಿದ್ದೆ. ಅದೇ ಕಾಲದಲ್ಲಿ, 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಯುವಕನು ತಂಗಿ ಏರ್ಪಡಿಸಿದ ಸಂತೋಷಕೂಟದಲ್ಲಿ ತಟ್ಟೆ ತಿರುಗಿಸಿ ಇತಿಹಾಸ ನಿರ್ಮಿಸಿದನೆಂದೂ, ಒಂದರ ಪಕ್ಕ ಒಂದು ತಿರುಗಣೆ ಇಟ್ಟುಕೊಂಡು ಲಯ ಕಡಿಯದಂತೆ ನುಡಿಸುವ ಕಲೆ ಅಂಥವರ ಕೈಯಲ್ಲಿ ಬೆಳೆಯಿತೆಂದೂ ನಾನು ತಿಳಿದದ್ದು ನಿವೃತ್ತನಾದ ಮೇಲೆ.

ನಿವೃತ್ತಿಯ ನಂತರವೂ ಆಸೆ ಆಸೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಕಳೆದ ವರ್ಷ ಕಿವಿಯ ವೈದ್ಯರು ಪರೀಕ್ಷೆ ಮಾಡಿ, ಏರುದನಿಯ ಸೂಕ್ಷ್ಮ ಸ್ವರಗಳು ನನಗೆ ಮೊದಲಿನಂತೆ ಕೇಳುತ್ತಿಲ್ಲವೆಂದೂ, ಇದು ವಯೋಸಹಜವೆಂದೂ, ಹೋದದ್ದು ಮರಳಿ ಬಾರದೆಂದೂ ತಿಳಿಸಿದರು. ಮನೆಗೆ ಬಂದು ರಾಜನ್–ನಾಗೇಂದ್ರ ಜೋಡಿಯ ಹಳೆಯ ಹಾಡೊಂದನ್ನು ಹಾಕಿದೆ. ಅದರಲ್ಲಿ ನನಗೆ ಕೇಳದೆ ಹೋಗುತ್ತಿರುವುದು ಏನೇನಿರಬಹುದೆಂದು ಯೋಚಿಸಿ ಅಂದು ರಾತ್ರಿ ನಿದ್ರೆ ಬರಲಿಲ್ಲ. ಕಲಿಯುವುದಾದರೆ ಈಗಲೇ ಕಲಿಯಬೇಕು ಎಂದು ನಿಶ್ಚಯಿಸಿದೆ.

ನನ್ನ ಮನೆಯವರಿಗೆ ‘ಡಿಜೆ’ ಎಂಬ ಶಬ್ದವೇ ಆಗದು. “ಗಣಪತಿ ಕಳಸೂ ದಿನಾ ಕಿಟಕಿ ಗಾಜು ನಡಗತಾವಲ್ರೀ, ಅದನ್ನ ನಮ್ಮ ಮನ್ಯಾಗ ತರತೀರೇನು?” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಮೆರವಣಿಗೆಗಳಲ್ಲಿ ಅದನ್ನು ಕೇಳುವವರಿಲ್ಲ. ಆದರೆ ಯಂತ್ರ ಬೇರೆ, ಅಬ್ಬರ ಬೇರೆ ಎಂದು ನಾನು ವಾದಿಸಿದೆ. ಆಗ ಸೊಸೆ ಜಪಾನಿನ ಸುಮಿಕೊ ಇವಾಮುರೊ ಎಂಬಾಕೆಯ ಕಥೆ ಹೇಳಿದಳು. ಟೋಕಿಯೊದಲ್ಲಿ ಉಪಾಹಾರ ಗೃಹ ನಡೆಸುವ ಆ ತಾಯಿ ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಡಿಜೆ ಶಾಲೆ ಸೇರಿ, 2018ರಲ್ಲಿ, ಎಂಬತ್ಮೂರನೆಯ ವಯಸ್ಸಿನಲ್ಲಿ ಗಿನ್ನೆಸ್ ದಾಖಲೆಗೆ ಪಾತ್ರರಾದರಂತೆ. “ಮಾವಾರು ಇನ್ನೂ ಸಣ್ಣವರ ಆದ್ರು ಬಿಡ್ರಿ” ಎಂದು ಆಕೆ ನಕ್ಕಾಗ ನಮ್ಮವರೂ ಸುಮ್ಮನಾದರು. ಇಪ್ಪತ್ತು ಸಾವಿರಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಖರ್ಚು ಮಾಡಕೂಡದೆಂಬ ಷರತ್ತು ಮಾತ್ರ ಉಳಿಯಿತು.

ರಾತ್ರಿಯ ರೈಲಿಗೆ ಹೊರಟು ಬೆಳಿಗ್ಗೆ ಬೆಂಗಳೂರು ತಲುಪಿದೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಚಿಕ್ಕಪೇಟೆ, ಅದರ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. ಅಲ್ಲಿಳಿದು ಹೂವಿನ ವಾಸನೆಯನ್ನು ಹಿಂದೆ ಬಿಟ್ಟು ಪುರಭವನದ ಕಡೆಗೆ ನಡೆಯಬೇಕು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ನಾನು ಹೋದದ್ದು ಮಂಗಳವಾರ. ಕೈಗಾಡಿಗಳು, ಸ್ಕೂಟರುಗಳು, ತಲೆಯ ಮೇಲೆ ಪೆಟ್ಟಿಗೆ ಹೊತ್ತ ಹಮಾಲರು, ಬಾಗಿಲುಗಳಲ್ಲಿ ಹಾವುಗಳಂತೆ ಜೋತುಬಿದ್ದ ತಂತಿಯ ಸುರುಳಿಗಳು, ಇವುಗಳ ನಡುವೆ ದಾರಿ ಮಾಡಿಕೊಂಡು ಸಾಗುವುದೇ ಒಂದು ಸಾಹಸ. ಕನ್ನಡ, ಹಿಂದಿ, ತಮಿಳು, ತೆಲುಗು ನಾಲ್ಕೂ ಒಂದೇ ವಾಕ್ಯದಲ್ಲಿ ಬೆರೆತು ಕಿವಿಗೆ ಬೀಳುತ್ತವೆ.

ಮೊದಲ ಅಂಗಡಿಯ ಹುಡುಗನು “ಯಾರಿಗೆ ಅಂಕಲ್, ಮಗನಿಗಾ?” ಎಂದು ಕೇಳಿದ. ನನಗೇ ಎಂದಾಗ ಅವನ ಮುಖದಲ್ಲಿ ಸಣ್ಣ ನಗೆ ಸುಳಿಯಿತು. ಬಣ್ಣಬಣ್ಣದ ದೀಪಗಳು ಮಿನುಗುವ ದೊಡ್ಡದೊಂದು ಬಳಸಿದ ಯಂತ್ರವನ್ನು ಮುಂದಿಟ್ಟು ನಲವತ್ತೈದು ಸಾವಿರ ಹೇಳಿದ. ನುಡಿಸಿ ತೋರಿಸಪ್ಪಾ ಎಂದರೆ, ಹಣ ಕಟ್ಟಿದ ಮೇಲೆ ತೋರಿಸುತ್ತೇನೆಂದ. ನಮಸ್ಕಾರ ಹೇಳಿ ಹೊರಬಂದೆ.

ಎರಡನೆಯದು ಮಹಡಿಯ ಮೇಲಿನ ಪುಟ್ಟ ಅಂಗಡಿ. ಅಲ್ಲಿದ್ದವರು ನನ್ನದೇ ವಯಸ್ಸಿನವರು. “ಯಜಮಾನ್ರೇ, ನಿಮ್ಮ ಹತ್ರ ಯಾವ ಹಾಡುಗಳಿವೆ? ಮೊದಲು ಅದನ್ನ ಹೇಳಿ, ಯಂತ್ರ ಆಮೇಲೆ” ಎಂದರು. ಆ ಒಂದು ಪ್ರಶ್ನೆಯಿಂದ ನನ್ನ ಅರ್ಧ ಗೊಂದಲ ಪರಿಹಾರವಾಯಿತು.

ಅವರು ವಿವರಿಸಿದ್ದರ ಸಾರ ಇಷ್ಟು. ಹಿಂದಿನ ಕಾಲದ ತಟ್ಟೆಗಳನ್ನೇ ನುಡಿಸುವುದಾದರೆ ಎರಡು ತಿರುಗಣೆ, ನಡುವೆ ಒಂದು ಮಿಕ್ಸರ್ ಬೇಕು. ಈ ಕಲೆಯಲ್ಲಿ ಹೆಸರಾದ ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯ ತಿರುಗಣೆ 1972ರಿಂದ ಪ್ರಸಿದ್ಧ; ಆದರೆ ಹೊಸದಾಗಿ ಎರಡನ್ನು ಕೊಂಡರೆ ಲಕ್ಷ ದಾಟುತ್ತದೆ. ಹೊಸಬರಿಗೆ ಸಾಕಾಗುವುದು ‘ಕಂಟ್ರೋಲರ್’. ಇದರೊಳಗೆ ಹಾಡುಗಳಿರುವುದಿಲ್ಲ, ಹಾಡುಗಳು ಲ್ಯಾಪ್‌ಟಾಪಿನಲ್ಲಿ, ಅವುಗಳ ಲಗಾಮು ಈ ಹಲಗೆಯ ಮೇಲೆ. ಎರಡು ಚಕ್ರ, ಎರಡು ವೇಗದ ಪಟ್ಟಿ, ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿಸುವ ಫೇಡರ್. ಮಿಕ್ಸ್ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ.

ಯಂತ್ರದ ಪ್ರಾಣವಿರುವುದು ಹೆಡ್‌ಫೋನಿನಲ್ಲಿ. ಸ್ಪೀಕರಿನಲ್ಲಿ ಒಂದು ಹಾಡು ನಡೆಯುತ್ತಿರುವಾಗ, ಮುಂದಿನ ಹಾಡನ್ನು ನುಡಿಸುವವನೊಬ್ಬನೇ ಕಿವಿಯಲ್ಲಿ ಕೇಳಿ ಹದಗೊಳಿಸಬೇಕು. ಇದಕ್ಕೆ ಎರಡು ಪ್ರತ್ಯೇಕ ಧ್ವನಿದಾರಿಗಳು ಬೇಕು. ಕೆಲವು ಅಗ್ಗದ ಯಂತ್ರಗಳಲ್ಲಿ ಈ ವ್ಯವಸ್ಥೆ ಒಳಗೇ ಇರುವುದಿಲ್ಲ. ದೀಪ ಕಡಿಮೆಯಿದ್ದರೂ ಸರಿ, ಇದು ಇಲ್ಲದ್ದನ್ನು ಕೊಳ್ಳಬೇಡಿ ಎಂದರು.

ಬಳಿಕ ನನ್ನ ಲ್ಯಾಪ್‌ಟಾಪಿನ ಎರಡು ಹಳೆಯ ಚಿತ್ರಗೀತೆಗಳನ್ನು ಹಾಕಿ, ಲಯವನ್ನು ತಾನಾಗಿ ಹೊಂದಿಸುವ ಗುಂಡಿ ಒತ್ತಿದರು. ಮೊದಲ ಕೆಲವು ಕ್ಷಣ ಸರಿಯಿತ್ತು; ನಂತರ ಎರಡು ತಬಲಾಗಳು ಜಗಳವಾಡಿದಂತಾಯಿತು. ಇಂದಿನ ಹಾಡುಗಳ ತಾಳ ಯಂತ್ರದ್ದು, ಅಳತೆ ತಪ್ಪದು. ಅಂದಿನ ಹಾಡುಗಳಲ್ಲಿ ವಾದ್ಯವೃಂದವೆಲ್ಲ ಒಟ್ಟಿಗೆ ಕುಳಿತು ನುಡಿಸುತ್ತಿದ್ದುದರಿಂದ ಲಯ ಉಸಿರಿನಂತೆ ಕೊಂಚ ಏರುತ್ತದೆ, ಇಳಿಯುತ್ತದೆ. “ನಿಮ್ಮ ಹಾಡಿಗೆ ಗುಂಡಿ ಸಾಲದು, ಕೈ ಬೇಕು. ಚಕ್ರ ದೊಡ್ಡದಿರೋದನ್ನ, ವೇಗದ ಪಟ್ಟಿ ಉದ್ದವಿರೋದನ್ನ ನೋಡಿ” ಎಂದರು. ನನ್ನ ಬೆರಳಿಗೆ ಗುಂಡಿಗಳ ನಡುವೆ ಸ್ಥಳ ಸಾಕೇ, ಕನ್ನಡಕದೊಂದಿಗೆ ಅಕ್ಷರ ಕಾಣುವುದೇ ಎಂಬುದನ್ನೂ ಅಲ್ಲಿಯೇ ನಿಲ್ಲಿಸಿ ನೋಡಿಸಿದರು.

ಕೊನೆಗೆ ಪಯೋನೀರ್ ಡಿಜೆಯ ಡಿಡಿಜೆ-400 ಎಂಬ, 2018ರಲ್ಲಿ ಬಂದ ಮಾದರಿಯ ಬಳಸಿದ ಯಂತ್ರವೊಂದನ್ನು ಆರಿಸಿದೆವು. ತೂಕ ಎರಡು ಕಿಲೋಗ್ರಾಮಿಗೆ ತುಸು ಹೆಚ್ಚು, ಚೀಲದಲ್ಲಿ ತರಬಹುದು. ಫೇಡರ್ ಸರಿಸುವಾಗ ಕರಕರ ಸದ್ದಿದೆಯೇ, ಯುಎಸ್‌ಬಿ ತಂತಿ ಅಲುಗಾಡಿಸಿದರೆ ಸಂಪರ್ಕ ಕಡಿಯುತ್ತದೆಯೇ, ಪ್ರತಿಯೊಂದು ಗುಂಡಿಯೂ ಕೆಲಸ ಮಾಡುತ್ತದೆಯೇ ಎಂದು ಒಂದು ಗಂಟೆ ಪರೀಕ್ಷಿಸಿದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೂ ಸೇರಿ ಲೆಕ್ಕ ಹತ್ತೊಂಬತ್ತು ಸಾವಿರದೊಳಗೆ ಮುಗಿಯಿತು. ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನಾದರೆ ಧ್ವನಿ ಏರಿಸುವ ಅಗತ್ಯ ಬೀಳುವುದಿಲ್ಲ. ವೈದ್ಯರ ಮಾತೂ ಉಳಿಯಿತು.

ಮೂರು ತಿಂಗಳ ಅಭ್ಯಾಸದ ನಂತರ ಮೊಮ್ಮಗಳ ಹುಟ್ಟುಹಬ್ಬದ ಸಂಜೆ, ಇಪ್ಪತ್ತು ಜನ ಬಂಧುಗಳ ಮುಂದೆ, ಪಕ್ಕದ ಮನೆಗೆ ಕೇಳದಷ್ಟು ಸಣ್ಣ ಧ್ವನಿಯಲ್ಲಿ ಎರಡು ಗಂಟೆ ನುಡಿಸಿದೆ. ನಾಲ್ಕು ಸಲ ತಾಳ ತಪ್ಪಿತು. “ಅಜ್ಜಾ, ಇನ್ನೊಂದು!” ಎಂದು ಮಗು ಕುಣಿಯುತ್ತಲೇ ಇತ್ತು. ಎಲ್ಲರೂ ಹೋದ ಮೇಲೆ ನಮ್ಮ ಮನೆಯವರು ಹೆಡ್‌ಫೋನ್ ಎತ್ತಿ ಕಿವಿಗಿಟ್ಟುಕೊಂಡು, “ಮುಂದಿನ ಹಾಡು ನಿಮಗೊಬ್ಬರಿಗೇ ಮೊದಲ ಕೇಳತೈತೇನ್ರೀ?” ಎಂದು ಕೇಳಿದರು. ಹೌದೆಂದೆ. “ಹಂಗಾದ್ರ ನಾಳೆ ಮುಂದಿನ ಹಾಡು ನಾ ಆರಿಸ್ತೀನಿ” ಎಂದರು.

ಈಗ ಪ್ರತಿ ಸಂಜೆ ಹಾಡು ಆರಿಸುವುದು ಅವರು, ಸೇರಿಸುವುದು ನಾನು. ನನಗೆ ಕೇಳದ ಸಣ್ಣ ಗೆಜ್ಜೆಯ ದನಿ ಎಲ್ಲಾದರೂ ಬಂದರೆ ಅವರೇ ಬೆರಳೆತ್ತಿ ತೋರಿಸುತ್ತಾರೆ.